ಜ್ವರದ ಮನೆಗೆ ಹೋದ ತತ್ತಿ

ಫ್ಲೂ ಊರಿಂದೂರಿಗೆ ಹಬ್ಬಿ ನಮ್ಮ ಕಡೆ ಬಂದ ಆ ಮಳೆಗಾಲದಲ್ಲಿ ನಾನು ಕಲ್ಲೋಳಿ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಗೋಕಾಕದಿಂದ ಬಸ್ಸಿಗೆ ಹೋಗಿ ಬರುತ್ತಿದ್ದೆ. ಮಳೆ ಬಂತೇ, ಯಾವ ತರಗತಿಯಲ್ಲಿ ಎಷ್ಟು ಗೈರು, ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತೇ ಎಂದು ದಿನವೂ ಬರೆದಿಡುವ ಚಟ ನನಗೆ. ಆ ಸೆಪ್ಟೆಂಬರಿನ ಪುಟಗಳಲ್ಲಿ ಇರುವುದು ಎರಡೇ ಸಂಗತಿ: ಜ್ವರ ಮತ್ತು ಖೊಖೊ.

ನಮ್ಮ ಹುಡುಗಿಯರು ಮೂಡಲಗಿಯಲ್ಲಿ ತಾಲೂಕಿಗೇ ಮೊದಲು ಬಂದಿದ್ದರು. ಶಾಲೆಗೆ ಅದು ಮೊದಲನೇ ಗೆಲುವು. ಮುಂದಿನ ಆಟ, ಜಿಲ್ಲಾ ಮಟ್ಟದ್ದು, ಹುಕ್ಕೇರಿಯಲ್ಲಿ. ಅಷ್ಟರಲ್ಲಿ ಆರೋಗ್ಯ ಕೇಂದ್ರದ ಡಾಕ್ಟರು ಬಂದು ಹೆಡ್ ಮಾಸ್ತರರ ಎದುರು ಕೂತರು.

"ಸರ್, ಜ್ವರ ಹಿಂಗ ಏರಿದ್ರ ಸಾಲಿ ಬಂದ್ ಮಾಡ್ರಿ ಅಂತ ಬರೀಬೇಕಾಗತೈತಿ. ಹುಕ್ಕೇರಿ ಆಟಾನೂ ಇಲ್ಲ. ಜ್ವರದ ಮಕ್ಕಳನ್ನ ಮನ್ಯಾಗ ಇರಸ್ರಿ ಅಂದ್ರ ಯಾಕ ಇರಸವಲ್ರಿ?"

ಕಿಟಕಿಯಾಚೆ ಟೀಮಿನ ಕ್ಯಾಪ್ಟನ್ ನಿಂತಿದ್ದಳು. ಏಳನೇ ತರಗತಿ, ಈ ಶಾಲೆಯಲ್ಲಿ ಅವಳಿಗೆ ಕೊನೆಯ ವರ್ಷ. ಎಲ್ಲವನ್ನೂ ಕೇಳಿಸಿಕೊಂಡು ಮೆಲ್ಲಗೆ ಹೋದಳು.

ಜ್ವರವಿದ್ದರೆ ಮನೆಯಲ್ಲೇ ಇರಿ ಎಂದು ಪ್ರಾರ್ಥನೆಯಲ್ಲಿ ದಿನವೂ ಹೇಳುತ್ತಿದ್ದೆವು. ಆದರೂ ಮಕ್ಕಳು ಕೆಮ್ಮುತ್ತಲೇ ಬರುತ್ತಿದ್ದರು. ಡಾಕ್ಟರು ಎದ್ದು ಹೊರಡುವಾಗ ಎರಡನೇ ತರಗತಿಯ ಒಬ್ಬ ಪೋರ ಕಣ್ಣು ಕೆಂಪಗೆ ಮಾಡಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಹಣೆ ಮುಟ್ಟಿದೆ.

"ಮೈ ಸುಡಾಕತ್ತೈತಲ್ಲೋ! ಯಾಕ ಬಂದಿ?"

"ಇವತ್ತ ತತ್ತಿ ಐತ್ರಿ ಅಕ್ಕೋರ."

ಆಗ ಬಿಸಿಯೂಟದ ಜೊತೆ ವಾರಕ್ಕೆರಡು ದಿನ ಬೇಯಿಸಿದ ತತ್ತಿ, ಬೇಡವೆಂದವರಿಗೆ ಬಾಳೆಹಣ್ಣು. ಜ್ವರ ನೋಡಲು ಬಂದಿದ್ದ ಊರಿನ ಆಶಾ ಕಾರ್ಯಕರ್ತೆ, ಎಲ್ಲರ ಆಶಾ ಅಕ್ಕ, ಥರ್ಮಾಮೀಟರು ಹಿಡಿದೇ ನಕ್ಕಳು. "ಅದಕ್ಕs ಮನಿಗೆ ಹೋದ್ರ ಯಾರೂ ಜ್ವರ ಅಂತ ಹೇಳವಲ್ರು ನೋಡ್ರಿ. ಹೇಳಿದ್ರ ಸಾಲಿ ಬಿಡಸ್ತೀನಿ, ತತ್ತಿ ತಪ್ಪತೈತಿ."

"ಹಂಗಾದ್ರ ತತ್ತೀನs ಮನಿಗೆ ಹೋಗ್ಲಿ," ಅಂದರು ಡಾಕ್ಟರು.

"ಸಾಲ್ಯಾಗ ಕುಂತs ಉಣ್ಣಬೇಕು ಅಂತ ಐತ್ರಿ," ಅಂದರು ಹೆಡ್ ಮಾಸ್ತರರು. " ನಾಳೆ ನನ್ನ ಕೇಳ್ತಾರ."

"ನಿಮ್ಮ ಜೋಡಿ ನಾನೂ ಬರ್ತೀನಿ. ಇಬ್ಬರನ್ನೂ ಕೂಡೇ ಕೇಳ್ಲಿ."

ಇಬ್ಬರೂ ಒಂದೇ ಬೈಕಿನಲ್ಲಿ ಮೂಡಲಗಿಯ ಶಿಕ್ಷಣಾಧಿಕಾರಿ ಕಚೇರಿಗೆ ಹೋದರು. ಶಾಲೆ ಬಿಡುವ ಮೊದಲೇ ಒಪ್ಪಿಗೆ ತಂದರು. ಹೆಡ್ ಮಾಸ್ತರರ ಅಂಗಿ ಮಳೆಯಲ್ಲಿ ತೊಯ್ದು ಮೈಗೆ ಅಂಟಿತ್ತು, ಮುಖ ಮಾತ್ರ ಮದುಮಗನಂತಿತ್ತು.

ಮುಂದಿನ ತತ್ತಿಯ ದಿನ ಆಶಾ ಅಕ್ಕ ಮತ್ತು ನಾನು ಸ್ಟೀಲ್ ಡಬ್ಬಿ ಹಿಡಿದು ಹೊರಟೆವು. ಯಾರಿಗೆ ತತ್ತಿ, ಯಾರಿಗೆ ಹಣ್ಣು ಎಂದು ತರಗತಿಯಲ್ಲಿ ಮಕ್ಕಳು ಕೈ ಎತ್ತಿದ್ದನ್ನೇ ನಂಬಿದ್ದೆವು. ನಾಲ್ಕನೇ ತರಗತಿಯ ಒಬ್ಬ ಹುಡುಗನ ಮನೆ. ಬಾಗಿಲಲ್ಲಿ ಹಣೆತುಂಬ ವಿಭೂತಿಯ ಅಜ್ಜಿ. ನಾನು ತತ್ತಿ ಮುಂದೆ ಚಾಚಿದೆ.

"ಇದೇನವ್ವಾ? ನಮ್ಮದು ಬಾಳೆಹಣ್ಣಿನ ಮನಿ!"

ಒಳಗೆ ಮಲಗಿದ್ದ ಹುಡುಗ ಕೌದಿಯನ್ನು ತಲೆ ಮೇಲೆ ಎಳೆದುಕೊಂಡ.

"ಬಾಜೂ ಮನೀದ್ರಿ ಆಯಿ, ತಪ್ಪಿ ಬಂತು," ಅಂದಳು ಆಶಾ ಅಕ್ಕ.

"ಬಾಜೂ ಮನ್ಯಾಗ ಮಕ್ಕಳs ಇಲ್ಲಲ್ಲ!" ಅಜ್ಜಿ ಕೌದಿಯ ಕಡೆ ತಿರುಗಿದಳು. "ಎಷ್ಟ ದಿನದಿಂದ ನಡದೈತೋ ಭಾಡ್ಯಾ?"

"ಒಂದೊಂದ ಸಲ," ಅಂತು ಕೌದಿ.

ನಾನು ತತ್ತಿಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಸಂಜೆಯೊಳಗೆ ಸುದ್ದಿ ಓಣಿಗೆಲ್ಲ ಹಬ್ಬುತ್ತದೆ, ಬಾಗಿಲುಗಳು ಮುಚ್ಚುತ್ತವೆ, ಜ್ವರ ಮತ್ತೆ ಶಾಲೆಗೆ ಬರುತ್ತದೆ, ಹುಕ್ಕೇರಿ ಮುಗಿಯಿತು ಅಂದುಕೊಂಡೆ.

ಅಜ್ಜಿ ಹುಡುಗನ ಹಣೆ ಮುಟ್ಟಿ ನೋಡಿದಳು. "ಮೊದಲ ಜ್ವರ ಇಳೀಲಿ, ಆಮ್ಯಾಲ ನೋಡ್ಕೋತೀನಿ ಇವನ್ನ. ನೀವು ಹಣ್ಣ ತರ್ರಿ. ಮತ್ತ ಆ ಕೊನೀ ಮನಿ ಹುಡುಗಿಗೂ ಮೈ ಬಿಸಿ ಐತಿ. ಅವರವ್ವ ನಿಮಗ ಬಾಯಿ ಬಿಟ್ಟಿಲ್ಲ. ನಡೀರಿ, ನಾನs ಬರ್ತೀನಿ."

ಅಜ್ಜಿ ಮುಂದೆ, ನಾವು ಹಿಂದೆ. ಅವಳು ಹೊರಗಿಂದಲೇ ಕೂಗಿದರೆ ಸಾಕು, ಬಾಗಿಲು ತೆರೆಯುತ್ತಿದ್ದವು. ಮರುದಿನದಿಂದ ಓಣಿಯವರೇ ಕರೆಯತೊಡಗಿದರು: "ಏ ಆಶಾ, ನಮ್ಮ ಹುಡುಗನ್ನೂ ಮುಟ್ಟಿ ನೋಡ ಬಾರವ್ವಾ."

ಆ ವಾರ ಗೈರು ದುಪ್ಪಟ್ಟಾಯಿತು. ಹೆಡ್ ಮಾಸ್ತರರು ಗಾಬರಿಯಾದರು. ಡಾಕ್ಟರು ಮಾತ್ರ ಖುಷಿಯಾದರು: "ಈಗ ಖರೆ ಲೆಕ್ಕ ಸಿಕ್ತು ನೋಡ್ರಿ." ಮುಂದಿನ ವಾರ ಹೊಸ ಜ್ವರ ಬೆರಳೆಣಿಕೆಗೆ ಇಳಿಯಿತು. ತತ್ತಿಯ ದಿನ ಪ್ರತಿ ತರಗತಿಯಲ್ಲೂ ಹಣೆ ಮುಟ್ಟುತ್ತಾ ಹೋದೆ, ಎಲ್ಲವೂ ತಣ್ಣಗಿದ್ದವು. ಆ ದಿನದ ಪುಟದಲ್ಲಿ ಸೊನ್ನೆ ಬರೆದು ಸುತ್ತಲೂ ಮೂರು ಗೆರೆ ಎಳೆದೆ. ಡಾಕ್ಟರು ಟೀಮಿನ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಹೋಗಿ ಬರ್ರಿ. ಆದ್ರ ಬರಿಗೈಲೆ ಬರಬ್ಯಾಡ್ರಿ."

ಹುಕ್ಕೇರಿ ಮೈದಾನದಲ್ಲಿ ಕೆಸರು ಇನ್ನೂ ಆರಿರಲಿಲ್ಲ. ಕೊನೆಯ ಸರದಿಯಲ್ಲಿ ನಮ್ಮ ಕ್ಯಾಪ್ಟನ್ ಕಂಬದ ಹತ್ತಿರ ಹಾರಿ, ಎದುರಾಳಿಯ ಬೆನ್ನು ಮುಟ್ಟಿ, ಮಕಾಡೆ ಬಿದ್ದಳು. ಸೀಟಿ ಮೊಳಗಿತು. ಎದ್ದು ನಿಂತಾಗ ಅವಳ ಹಲ್ಲು ಬಿಟ್ಟರೆ ಮತ್ತೆಲ್ಲ ಕೆಸರು.

ಅದೇ ಹೊತ್ತಿಗೆ ಹೆಡ್ ಮಾಸ್ತರರಿಗೆ ಫೋನು ಬಂತು. "ಏನಾತ್ರಿ ಸರ್?" ಡಾಕ್ಟರ ದನಿ ನನಗೂ ಕೇಳಿಸಿತು. ಹೆಡ್ ಮಾಸ್ತರರು ಗೆದ್ದೆವೆಂದು ಕಿರುಚುತ್ತಿದ್ದ ನಮ್ಮ ಹುಡುಗಿಯರ ಕಡೆ ಫೋನನ್ನು ಎತ್ತಿ ಹಿಡಿದರು.