ಜ್ವರದ ಪಟ್ಟಿಯ ಐದನೇ ಸಾಲು

ಓದುವ ಎಲ್ಲರಿಗೂ ನಮಸ್ಕಾರ. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಮೂವತ್ತೆಂಟನೇ ವಯಸ್ಸಿನಲ್ಲಿ. ಟೈಪಿಂಗ್ ಕಲಿತದ್ದು ಅದಕ್ಕಿಂತಲೂ ತಡವಾಗಿ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಎಲ್ಲಾದರೂ ಒತ್ತಕ್ಷರ ತಪ್ಪಿದ್ದರೆ ಬೇಜಾರು ಮಾಡಿಕೊಳ್ಳದೆ ತಿದ್ದಿಕೊಂಡು ಓದಿ.

ನಮ್ಮದು ಶಿವಮೊಗ್ಗದಲ್ಲಿ ಪತ್ರ ಬರೆಯುವ ಆಫೀಸು. ಜಾಗ ಕೊಳ್ಳುವವರು, ಮಾರುವವರು, ಆಸ್ತಿ ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರು ಬರುತ್ತಾರೆ. ಅವರ ಪತ್ರ ಸಿದ್ಧಮಾಡಿ ರಿಜಿಸ್ಟ್ರಿಗೆ ಕಳಿಸುತ್ತೇವೆ. ಇರುವುದು ಮೂರೇ ಜನ: ಯಜಮಾನರು, ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಹೆಣ್ಣುಮಗಳು, ಓಡಾಟಕ್ಕೆ ನಾನು. ಆಕೆ ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಾರೆ. ಗಂಡನ ಕಾರ್ಖಾನೆ ಕೆಲಸ ಹೋದ ಮೇಲೆ ಮನೆ ನಡೆಯುತ್ತಿರುವುದು ಆಕೆಯ ದುಡಿಮೆಯಿಂದಲೇ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ ಊರಲ್ಲಿ ಫ್ಲೂ ಜ್ವರ ಹಬ್ಬಿತು. ಪಕ್ಕದ ಜೆರಾಕ್ಸ್ ಅಂಗಡಿಯ ಗಂಡ ಹೆಂಡತಿ ಒಟ್ಟಿಗೇ ಮಲಗಿದರು, ಅಂಗಡಿ ವಾರವಿಡೀ ಮುಚ್ಚಿತು. ಅದನ್ನು ನೋಡಿ ಯಜಮಾನರಿಗೆ ಹೆದರಿಕೆ ಹತ್ತಿತು. "ನಾವ್ ಮೂರೂ ಜನ ಮಲಗಿದ್ರೆ ಇಲ್ಲಿ ಬೀಗ ಹಾಕೋರೂ ಇರಲ್ಲ ಮಾರಾಯ" ಎಂದು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಗೋಡೆಗೆ ಅಂಟಿಸಿದರು.

ಮೊದಲನೆಯದು, ಕಿಟಕಿ ತೆರೆದಿರಬೇಕು. ನಮ್ಮ ಕಿಟಕಿಗೆ ಹಳೆಯ ಫೈಲು ಪೇರಿಸಿ ಎಷ್ಟು ವರ್ಷವಾಗಿತ್ತೋ. ನಾನು ಇಳಿಸಿದಾಗ ಎದ್ದ ಧೂಳಿಗೆ ಮೂವರೂ ಸಂಜೆಯವರೆಗೆ ಸೀನಿದೆವು. "ಫ್ಲೂ ತಾನಾಗೇ ಬರೋದಕ್ ಮೊದ್ಲೇ ನೀವೇ ಕರ್ಕೊಂಡ್ ಬಂದ್ರಲ್ಲ ಅಣ್ಣ" ಎಂದು ಆಕೆ ನಕ್ಕರು. ಎರಡನೆಯದು, ಹಾಳೆ ತಿರುವಲು ಬೆರಳಿಗೆ ಎಂಜಲು ಹಚ್ಚಬಾರದು, ಸ್ಪಂಜಿನ ಡಬ್ಬಿಗೆ ಅದ್ದಬೇಕು. ಇದು ನನಗೆಂದೇ ಬರೆದದ್ದು. ಡಬ್ಬಿ ಎದುರಿಗಿದ್ದರೂ ಬೆರಳು ಬಾಯಿಗೇ ಹೋಗುತ್ತಿತ್ತು. ಮೂರನೆಯದು, ಸಹಿ ಹಾಕುವವರು ಮಾತ್ರ ಒಳಗೆ. ಪಾಲಿನ ಪತ್ರಕ್ಕೆಂದು ಕುಂಸಿ ಕಡೆಯಿಂದ ಹನ್ನೊಂದು ಜನ ಬಂದರು. ಅವರಲ್ಲೊಬ್ಬ ಅಜ್ಜಿ ಇದಕ್ಕೆ ಒಪ್ಪಲೇ ಇಲ್ಲ. "ನಾವ್ ಹೊರಗ್ ನಿಂತ್ರೆ ನೀವ್ ಒಳಗೆ ಏನ್ ಬರ್ಕೋತೀರೋ ಯಾರಿಗ್ ಗೊತ್ತು?" ಎಂದರು. ಕೊನೆಗೆ ಯಜಮಾನರು ಕಿಟಕಿಯ ಬಳಿ ನಿಂತು ಇಡೀ ಪತ್ರವನ್ನು ಗಟ್ಟಿಯಾಗಿ ಓದಿದರು. ಯಾವ ಗದ್ದೆ ಯಾರಿಗೆ ಬಂತು ಅನ್ನುವುದು ಎದುರಿನ ಟೀ ಅಂಗಡಿಯವನಿಗೂ ಗೊತ್ತಾಯಿತು.

ತೊಂದರೆ ಇದ್ದದ್ದು ನಾಲ್ಕನೇ ಸಾಲಿನಲ್ಲಿ. ಒಬ್ಬರ ಕೆಲಸ ಇನ್ನೊಬ್ಬರಿಗೂ ಬರಬೇಕು. ಅಂದರೆ ಟೈಪಿಂಗ್ ನಾನು ಕಲಿಯಬೇಕು.

ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಪಾಠ ಎಂದಾಯಿತು. ಆಕೆ ಕಣ್ಣಿಗೆ ಕಾಣದಷ್ಟು ಬೇಗ ಬೆರಳು ಓಡಿಸಿ "ಇಷ್ಟೇ ಅಣ್ಣ" ಎನ್ನುತ್ತಿದ್ದರು. ಹಳೆಯ ಪತ್ರಗಳು ಕಂಪ್ಯೂಟರಿನಲ್ಲಿ ಎಲ್ಲಿವೆ ಎಂದು ಕೇಳಿದರೆ "ನಾಳೆ ತೋರಿಸ್ತೀನಿ" ಎನ್ನುತ್ತಿದ್ದರು. ಎರಡು ವಾರ ಕಳೆದರೂ ನನಗೆ ಬಂದದ್ದು ನನ್ನ ಹೆಸರು ಹೊಡೆಯುವುದಷ್ಟೇ. ತಡವಾಗಿ ಓದಿದವನು, ಇವನ ತಲೆಗೆ ಎಲ್ಲಿ ಹತ್ತುತ್ತದೆ ಅಂದುಕೊಂಡಿದ್ದಾರೆ ಎಂದು ಒಳಗೊಳಗೇ ನೋವಾಗಿತ್ತು.

ದಿನಾ ಬೆಳಿಗ್ಗೆ ಹಣೆಗೆ ಮಿಷನ್ ಹಿಡಿದು ಎಲ್ಲರ ಜ್ವರ ನೋಡುವ ಕೆಲಸ ನನ್ನದಾಗಿತ್ತು. ಒಂದು ಗುರುವಾರ ಬೆಳಿಗ್ಗೆ ಆಕೆಗೆ ಹಿಡಿದಾಗ ಅದು ಜ್ವರ ತೋರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೀಬೋರ್ಡಿನ ಸದ್ದು ನಿಂತಿತು. ನೋಡಿದರೆ ಆಕೆ ಮೇಜಿನ ಮೇಲೆ ತಲೆಯಿಟ್ಟಿದ್ದರು. ಮತ್ತೆ ಮಿಷನ್ ಹಿಡಿದೆ. ನೂರಾ ಎರಡು.

"ಬೆಳಿಗ್ಗೆ ಸರಿ ಇತ್ತಲ್ಲ ಮಾರಾಯ್ತಿ?"

"ಭದ್ರಾವತಿ ಬಸ್ ಸ್ಟ್ಯಾಂಡಲ್ಲೇ ಮಾತ್ರೆ ನುಂಗ್ಕೊಂಡು ಹತ್ತಿದೆ ಅಣ್ಣ. ನಿನ್ನೆಯಿಂದ್ಲೇ ಇದೆ. ಸಾರ್‌ಗೆ ಹೇಳ್ಬೇಡಿ."

"ಮನೇಲಿ ಮಲಗೋದು ಬಿಟ್ಟು..."

"ಮಲಗಿದ್ರೆ ಈ ಕುರ್ಚೀಲಿ ನೀವು ಕೂರ್ತೀರಿ. ನೀವು ಕಲ್ತ್ ಬಿಟ್ರೆ, ಓಡಾಟಕ್ಕೂ ಟೈಪಿಂಗಿಗೂ ಒಬ್ರೇ ಸಾಕು ಅಂತಾರೆ. ಆಮೇಲೆ ನಾನ್ ಎಲ್ಲಿಗ್ ಹೋಗ್ಲಿ?"

ನನಗೆ ಇದು ಹೊಳೆದೇ ಇರಲಿಲ್ಲ. ನನ್ನ ತಲೆಗೆ ಹತ್ತುವುದಿಲ್ಲ ಎಂದಲ್ಲ, ಹತ್ತಿಬಿಡುತ್ತದೆ ಎಂದೇ ಆಕೆ ಹೆದರಿದ್ದರು.

ಮುಚ್ಚಿಡುವ ಹಾಗಿರಲಿಲ್ಲ. ಯಜಮಾನರಿಗೆ ಜ್ವರದ ವಿಷಯವನ್ನೂ ಹೇಳಿದೆ, ಹೆದರಿಕೆಯ ವಿಷಯವನ್ನೂ ಹೇಳಿದೆ.

"ಅಯ್ಯೋ, ನಾನೇನ್ ಅಷ್ಟ್ ಕೆಟ್ಟೋನಾ?" ಎಂದರು. "ಹುಷಾರಾಗಿ ಬರ್ಲಿ, ಕೆಲಸ ಎಲ್ಲೂ ಹೋಗಲ್ಲ ಅಂತ ಹೇಳು."

"ಬರ್ದು ಅಂಟಿಸಿ ಸಾರ್."

"ಇದನ್ನೂ ಬರೀತಾರೇನೋ? ಬಾಯಲ್ಲಿ ಹೇಳಿದ್ರೆ ಸಾಲ್ದಾ?"

"ಬಂದೋರಿಗೆಲ್ಲ ನೀವೇನ್ ಹೇಳ್ತೀರಿ ಸಾರ್? ಒಡಹುಟ್ಟಿದೋರೇ ಆಗ್ಲಿ, ಬಾಯಿಮಾತು ನಂಬಬೇಡಿ, ಪತ್ರ ಮಾಡಿಸ್ಕೊಳ್ಳಿ ಅಂತ ತಾನೇ?"

"ನನ್ ಹತ್ರಾನೇ ಕಲ್ತು ನನಗೇ ತಿರುಗ್ಸಿದ್ಯಲ್ಲೋ" ಎಂದು ಯಜಮಾನರು ಪೆನ್ನು ತೆಗೆದು ಗೋಡೆಯ ಹಾಳೆಗೆ ಐದನೇ ಸಾಲು ಸೇರಿಸತೊಡಗಿದರು. ಬರೆಯುತ್ತ ಬರೆಯುತ್ತ ಅಭ್ಯಾಸಬಲದಿಂದ ಅದು ಪತ್ರದ ಭಾಷೆಗೇ ಹೋಯಿತು: "ಜ್ವರದ ನಿಮಿತ್ತ ರಜೆಯಲ್ಲಿರುವವರ ಕೆಲಸವನ್ನು ಇತರರು ನಿರ್ವಹಿಸತಕ್ಕದ್ದು. ಆದರೆ ಸದರಿ ಕೆಲಸವು ರಜೆಯಲ್ಲಿರುವವರದ್ದೇ ಆಗಿದ್ದು, ಅದರ ಮೇಲೆ ಇತರರಿಗೆ ಯಾವುದೇ ಹಕ್ಕು ಇರುವುದಿಲ್ಲ." ಕೆಳಗೆ ಸಹಿ ಹಾಕಿದರು. ಸಾಕ್ಷಿಗೆ ನಾನು ಹಾಕಿದೆ.

ಆಕೆ ಆ ಜ್ವರದಲ್ಲೂ ಪೂರ್ತಿ ಓದಿದರು. "ತಾರೀಖು ಹಾಕಿಲ್ಲ ಸಾರ್" ಎಂದರು.

ಯಜಮಾನರು ತಾರೀಖು ಹಾಕಿದರು. ಬಸ್ಸು ಬೇಡವೆಂದು ತಾವೇ ಆಟೋ ಗೊತ್ತುಮಾಡಿ ಆಕೆಯನ್ನು ಭದ್ರಾವತಿಗೆ ಕಳಿಸಿದರು.

ಮೂರನೆಯ ದಿನ ಆಕೆಯೇ ಫೋನ್ ಮಾಡಿದರು. "ಕೂತ್ಕೊಳ್ಳಿ ಅಣ್ಣ, ಈಗ ಸರಿಯಾಗಿ ಹೇಳ್ತೀನಿ." ನಡುನಡುವೆ ಕೆಮ್ಮುತ್ತ, ಯಾವ ಪತ್ರ ಎಲ್ಲಿದೆ, ಯಾವ ಅಕ್ಷರಕ್ಕೆ ಯಾವ ಕೀ ಎಂದು ಒಂದೊಂದಾಗಿ ಹೇಳಿದರು. ಆಕೆ ಒಂದು ಗಂಟೆಯಲ್ಲಿ ಮುಗಿಸುವ ಕ್ರಯಪತ್ರಕ್ಕೆ ನನಗೆ ಎರಡು ದಿನ ಹಿಡಿಯಿತು. ಆದರೂ ಆಫೀಸು ಮುಚ್ಚಲಿಲ್ಲ.

ಒಂಬತ್ತನೇ ದಿನ ಆಕೆ ಬಂದರು, ಸ್ವಲ್ಪ ಇಳಿದುಹೋಗಿದ್ದರು. ನಾನು ಎದ್ದು ಕುರ್ಚಿ ಬಿಟ್ಟೆ. ಕೂತು, ನಾನು ಅರ್ಧಕ್ಕೆ ನಿಲ್ಲಿಸಿದ್ದ ಪತ್ರ ತೆರೆದು ನೋಡಿದರು. "ನಾಲ್ಕು ದಿಕ್ಕಿಗೂ ರಸ್ತೆ ಅಂತ ಹೊಡ್ದಿದೀರಲ್ಲ ಅಣ್ಣ, ಇದೇನ್ ಸೈಟಾ, ಆಲ್ಕೊಳ ಸರ್ಕಲ್ಲಾ?" ಯಜಮಾನರೂ ನಕ್ಕರು, ನಾನೂ ನಕ್ಕೆ. ಆಮೇಲೆ ಆಕೆ ಗೋಡೆಯ ಪಕ್ಕದ ಸ್ಟೂಲನ್ನು ತಮ್ಮ ಹತ್ತಿರಕ್ಕೆ ಎಳೆದು, "ಬನ್ನಿ, ಎಲ್ಲಿ ತಪ್ಪಿತು ಅಂತ ತೋರಿಸ್ತೀನಿ" ಎಂದರು.

ಕೆಲಸ ಹೋದೀತೆಂದು ಜ್ವರ ಮುಚ್ಚಿಟ್ಟು ಕೂತವರು ನಿಮ್ಮಲ್ಲೂ ಇರಬಹುದು, ಅಂಥವರ ಪಕ್ಕದಲ್ಲಿ ಕೂತವರೂ ಇರಬಹುದು. ನಿಮ್ಮಲ್ಲಿ ಏನಾಯಿತು, ಯಾರು ಏನು ಮಾಡಿದರು ಎಂದು ಎರಡು ಸಾಲಾದರೂ ಬರೆದು ತಿಳಿಸಿ.