ಒಬ್ಬರಿಗೆ ಒಂದೇ ಅಧ್ಯಾಯ

ಉಗಾಂಡಾದ ಮಸಾಬಾ ಬೆಟ್ಟದ ತಪ್ಪಲಿನ ಆ ವಿಶ್ವವಿದ್ಯಾಲಯದಲ್ಲಿ ನಂಬೋಜೊ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ‘ಒಂದಧ್ಯಾಯದಮ್ಮ’ ಎಂದರೆ ಎಲ್ಲರಿಗೂ ಗೊತ್ತು. ಗ್ರಂಥಾಲಯದ ಜೆರಾಕ್ಸ್ ಯಂತ್ರ ಅವಳ ವಶದಲ್ಲಿತ್ತು. ಕೃತಿಸ್ವಾಮ್ಯದ ನಿಯಮದಂತೆ ಒಬ್ಬರಿಗೆ ಒಂದು ಪುಸ್ತಕದಿಂದ ಒಂದೇ ಅಧ್ಯಾಯ. ಯಾರು, ಯಾವ ಪುಸ್ತಕ, ಯಾವ ಅಧ್ಯಾಯ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಹತ್ತೊಂಬತ್ತು ವರ್ಷ ಅವಳು ಯಾರ ಮುಲಾಜಿಗೂ ಬಗ್ಗಲಿಲ್ಲ. ಅದಕ್ಕೇ ಇರಬೇಕು, ಮಧ್ಯಾಹ್ನ ಕಳಲೆ ಪಲ್ಯದ ಊಟದ ಡಬ್ಬಿ ಬಿಚ್ಚಿದರೆ ಪಕ್ಕದಲ್ಲಿ ಕೂರುವವರೇ ಇರಲಿಲ್ಲ.

ಬೆಟ್ಟದ ಜಮೀನನ್ನು ಮಂತ್ರಿಯೊಬ್ಬ ಹೇಗೆ ನುಂಗಿದ ಎಂದು ಹೇಳುವ ಪುಸ್ತಕ ಅಲ್ಲಿತ್ತು, ಒಂದೇ ಪ್ರತಿ. ಖೌಖಾ ಎಂಬ ವಿದ್ಯಾರ್ಥಿ ಅದನ್ನು ಪೂರ್ತಿ ನಕಲು ಮಾಡಿಕೊಡಿ ಎಂದ. ಆಗಲ್ಲ ಎಂದಳು. ಮರುದಿನ ಇನ್ನೂ ಆರು ಜನರನ್ನು ಕಟ್ಟಿಕೊಂಡು ಬಂದ. ಪುಸ್ತಕದಲ್ಲಿದ್ದದ್ದೇ ಏಳು ಅಧ್ಯಾಯ; ಅವನದೂ ಸೇರಿ ಏಳು ಸಹಿ.

"ಈಗ ಕಾನೂನು ಮುರಿದಿಲ್ಲ ಅಲ್ವೇನಮ್ಮಾ?"

"ಸಾಲಲ್ಲಿ ನಿಲ್ರೋ, ತರಲೆಗಳಾ!" ಎಂದು ಗದರಿದಳೇ ಹೊರತು ಒಳಗೊಳಗೇ ಹಿಗ್ಗಿದಳು. ಓದುವ ಮಕ್ಕಳೆಂದರೆ ಅವಳಿಗೆ ಜೀವ. ಪಾಪ, ಅದನ್ನು ತೋರಿಸಿಕೊಳ್ಳಲು ಬರುತ್ತಿರಲಿಲ್ಲ.

ತಿಂಗಳೊಳಗೆ ಆ ಏಳೂ ಅಧ್ಯಾಯ ಸೇರಿಸಿ ಹೊಲಿದ ಪ್ರತಿ ಸಂತೆಯಲ್ಲಿ ಪೊಲೀಸರ ಕೈಗೆ ಸಿಕ್ಕಿತು. ಪುಟಪುಟದಲ್ಲೂ ಗ್ರಂಥಾಲಯದ ಮೊಹರು. ಮಂತ್ರಿ ಕೆಂಡವಾದ. ಮುಖ್ಯ ಗ್ರಂಥಪಾಲ ವಾಮೋನೊ ಬೆವರುತ್ತ ಬಂದ.

"ನಂಬೋಜೊ, ರಿಜಿಸ್ಟರ್ ತೆಗೆದಿಡಿ. ಪೊಲೀಸರು ಬರ್ತಿದಾರೆ. ಯಾರ್ಯಾರು ಓದಿದ್ರು ಅಂತ ಹೆಸರು ಬೇಕಂತೆ."

ಅವಳು ರಿಜಿಸ್ಟರ್ ತೆರೆದಳು. ನಿಯಮಕ್ಕೆಂದು ತಾನೇ ನಿಂತು ಬರೆಸಿದ ಹೆಸರುಗಳು ಏಳು ಮಕ್ಕಳನ್ನು ಜೈಲಿಗೆ ಕಳಿಸಲಿದ್ದವು. ಆ ಹಾಳೆಯನ್ನು ಹರಿದು ಕ್ಯಾಂಟೀನಿನ ಒಲೆಗೆ ಹಾಕಿ ಬಂದಳು.

"ಇಲ್ಲಿ ಹರಿದಿರೋ ಹಾಳೆ ಎಲ್ಲಿ?" ಎಂದ ರಿಜಿಸ್ಟರ್ ತಿರುವುತ್ತಿದ್ದ ಇನ್ಸ್‌ಪೆಕ್ಟರ್.

"ಇಡೀ ಪುಸ್ತಕ ನಾನೇ ನಕಲು ಮಾಡ್ಕೊಂಡೆ ಸಾರ್. ಗೊತ್ತಾಗಬಾರದು ಅಂತ ಹರಿದೆ. ಸಂತೇಲಿ ಎಲ್ಲೋ ಕಳ್ಕೊಂಡೆ."

"ನೀವಾ? ಒಂದು ಪುಟ ಹೆಚ್ಚಿಗೆ ಕೊಡದವರು!" ವಾಮೋನೊ ಬಾಯಿ ಬಿಟ್ಟ.

"ಆಸೆ ಆಯ್ತು ಸಾರ್."

ಮೂರು ದಿನ ಠಾಣೆಯಲ್ಲಿ ಕೂರಿಸಿ ಬಿಟ್ಟರು. ಬಿಟ್ಟುಬಂದಿದ್ದ ಊಟದ ಡಬ್ಬಿ ತರಲು ಗ್ರಂಥಾಲಯಕ್ಕೆ ಹೋದಾಗ ನೋಟಿಸ್ ಬೋರ್ಡಿನ ಮುಂದೆ ಗುಂಪು ಸೇರಿತ್ತು. ನಿಯಮ ಮೀರಿ ಪೂರ್ತಿ ಪುಸ್ತಕವೊಂದನ್ನು ನಕಲು ಮಾಡಿದ್ದಕ್ಕೆ ಅವಳನ್ನು ಕೆಲಸದಿಂದ ತೆಗೆಯಲಾಗಿದೆ ಎಂದಿತ್ತು. ಯಾವ ಪುಸ್ತಕ ಎಂದು ಬರೆದಿರಲಿಲ್ಲ.

"ನೋಡ್ರಪ್ಪಾ, ನಮಗೆ ಒಂದೊಂದೇ ಅಧ್ಯಾಯ, ಇವಳಿಗೆ ಇಡೀ ಪುಸ್ತಕ!" ಎಂದ ಖೌಖಾ. ಎಲ್ಲರೂ ಗೊಳ್ಳೆಂದರು.

ಅವಳಿಗೆ ನಿಜ ಹೇಳಿಬಿಡಲೇ ಅನಿಸಿತು. ಇಷ್ಟು ಜನರೆದುರು ಹೇಳಿದರೆ ಅವನ ಹೆಸರೂ ಹೇಳಿದಂತೆಯೇ. ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಅವನ ಪಕ್ಕದಲ್ಲೇ ಹಾದು ಗೇಟು ದಾಟಿದಳು.