ಎದುರಿಗೆ ಹಿಡಿದ ಕೈ

ಅಂಗೈ ಮೇಲೆ ನಾಲ್ಕು ಹುರಿಗಡಲೆ, ಒಂದು ಚೂರು ಬೆಲ್ಲ. ‘ತಗೋ’ ಎನ್ನುತ್ತಿರಲಿಲ್ಲ, ಕೈ ಚಾಚಿ ಸುಮ್ಮನೆ ನಿಲ್ಲುತ್ತಿದ್ದರು. ಅಜ್ಜಂಪುರದಲ್ಲಿ ನನ್ನ ಮೋಟಾರ್ ವೈಂಡಿಂಗ್ ಅಂಗಡಿಯ ಪಕ್ಕದ ಮನೆಯವರು, ನಿವೃತ್ತ ಇಂಗ್ಲಿಷ್ ಮೇಡಂ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಯಾರ ಹಂಗೂ ಇಲ್ಲದೆ ದುಡಿದವನೆಂಬ ಜಂಬ ಆಗಲೂ ಇತ್ತು, ಈಗಲೂ ಇದೆ. ‘ಬಾ, ಇಂಗ್ಲಿಷ್ ಹೇಳಿಕೊಡ್ತೀನಿ’ ಎಂದಿದ್ದರೆ ಹೋಗುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಸಂಜೆ ನಮ್ಮ ಬೆಂಚಿನ ಮೇಲೆ ಕೂತು ಪುಸ್ತಕ ಓದುತ್ತಿದ್ದರು. ನಾನಾಗಿ ಕೇಳಿದರೆ ಒಂದು ಪದ ಹೇಳುತ್ತಿದ್ದರು.

ಮಗಳ ಮದುವೆಗೆ ಕರೆಯಲು ಪಂಚನಹಳ್ಳಿಯ ತಮ್ಮನ ಮನೆಗೆ ಹೋದೆ. ಬೇಲಿ ಜಗಳಕ್ಕೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅವನು ಒಳಗಿಂದ ಬರಲಿಲ್ಲ. ಎಲೆ ಅಡಿಕೆ, ಲಗ್ನಪತ್ರಿಕೆ ಜಗಲಿ ಮೇಲಿಟ್ಟು, ‘ಬಂದ್ರೆ ಬಾ’ ಎಂದು ಕೂಗಿ ಬಂದೆ. ಕೈಗೆ ಕೊಡದಿದ್ದರೆ ನಮ್ಮಲ್ಲಿ ಅದು ಕರೆದಂತಲ್ಲ. ಗೊತ್ತಿದ್ದೂ ಮಾಡಿದೆ. ಮಾರನೆಯ ದಿನವೇ ಅವನು ಎಲ್ಲವನ್ನೂ ಬಸ್ಸಿನವರ ಕೈಲಿ ವಾಪಸ್ ಕಳಿಸಿದ. ‘ಚಿಕ್ಕಪ್ಪ ಬರ್ದಿದ್ರೆ ನಾನು ಧಾರೆಗೆ ಕೂರಲ್ಲ’ ಎಂದು ಮಗಳು ಅತ್ತಳು.

‘ನಾನು ಕೊಟ್ಟೆ ಮೇಡಂ, ಅವನೇ ತಗೊಳ್ಳಲಿಲ್ಲ’ ಎಂದೆ, ಸಂಜೆ ಅವರು ಬೆಂಚಿಗೆ ಬಂದಾಗ.

‘ಕೊಟ್ಟಿಲ್ಲ ಕಣಯ್ಯಾ, ಎಸೆದು ಬಂದಿದೀಯ.’ ಪುಸ್ತಕ ಮಡಿಚಿದರು. ‘ಇಂಗ್ಲಿಷಲ್ಲಿ ಪ್ರಾಫರ್ ಅಂತ ಪದ ಇದೆ. ದಿನಾ ಆಡೋ ಮಾತಲ್ಲ, ಬರವಣಿಗೇಲಿ ಗತ್ತಾಗಿ ಬರ್ತದೆ. ಸಹಾಯ, ಸಲಹೆ, ಕ್ಷಮಾಪಣೆ, ಏನನ್ನಾದ್ರೂ ಪ್ರಾಫರ್ ಮಾಡಬಹುದು. ಎದುರಿಗೆ ಹಿಡಿಯೋದಷ್ಟೇ. ತಗೊಳ್ಳೋದು ಬಿಡೋದು ಅವರ ಇಷ್ಟ. ಅಲ್ಲೀತನಕ ಕೈ ಇಳಿಸಬಾರ್ದು.’

‘ತಗೊಳ್ದಿದ್ರೆ ನನ್ನ ಮರ್ಯಾದೆ?’

‘ಕೈ ನೋಯ್ತದೆ. ಮರ್ಯಾದೆಗೇನಾಗಲ್ಲ, ಹೋಗು.’

ಮತ್ತೆ ಹೋದೆ. ಎಲೆ ಅಡಿಕೆ, ಪತ್ರಿಕೆ ಇಟ್ಟ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೆ. ‘ಏನಣ್ಣಾ, ಇವತ್ತು ಜಗಲಿ ಕಾಣಿಸ್ಲಿಲ್ವಾ?’ ಎಂದ ತಮ್ಮ. ನಾಲಿಗೆ ತುದಿಗೆ ಉತ್ತರ ಬಂತು, ನುಂಗಿದೆ. ಅವನು ತೆಂಗಿನ ಮರ ನೋಡುತ್ತಾ ಕೂತ. ನನ್ನ ತೋಳು ನೋಯತೊಡಗಿತು. ಕೊನೆಗೆ ಅವನ ಹೆಂಡತಿ, ‘ಭಾವನ್ನ ಇನ್ನೆಷ್ಟೊತ್ತು ನಿಲ್ಲುಸ್ತೀರ್ರೀ?’ ಎಂದಳು. ತಮ್ಮ ಟವಲಿಗೆ ಕೈ ಒರೆಸಿಕೊಂಡು ಎದ್ದ. ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಧಾರೆಯ ದಿನ ಮಂಟಪದಲ್ಲಿ ಅವನನ್ನು ಕಂಡು ಮೇಡಂ ನನ್ನ ಕಡೆ ನೋಡಿದರು.

ಹೋದ ವರ್ಷ ಅವರು ಹಾಸಿಗೆ ಹಿಡಿದರು. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ನಾನು ಗಂಜಿ ಕುಡಿಸುತ್ತಿದ್ದೆ. ತುರುಕುತ್ತಿರಲಿಲ್ಲ, ಚಮಚ ತುಟಿಯ ಹತ್ತಿರ ಹಿಡಿದು ಕಾಯುತ್ತಿದ್ದೆ. ಬೇಕೆನಿಸಿದಾಗ ಬಾಯಿ ತೆರೆಯುತ್ತಿದ್ದರು. ಒಂದು ಬೆಳಿಗ್ಗೆ ತೆರೆಯಲಿಲ್ಲ. ಉಸಿರಿಲ್ಲವೆಂದು ಗೊತ್ತಾದ ಮೇಲೂ ಬಹಳ ಹೊತ್ತು ನಾನು ಕೈ ಇಳಿಸಲಿಲ್ಲ.